ಮಾಜಿ

ಸೋತ ಮರುದಿನ ಸೈಬಣ್ಣ
ತಹಸೀಲ ಕಚೇರಿ ಮುಂದಿನ ಬೇವಿನ ಬುಡಕ್ಕ
ನನ್ನ ಟೈಪಿಂಗ್ ಮಷೀನಿನ ಬಾಜೂಕ ಬಂದು ಕುಂತ.
ಬಗಲಾಗ ಒಂದು ಕಟ್ಟು ಲೆಟರ್‌ಪ್ಯಾಡು,
ಎಡಕ್ಕ ಕೈ ಮುಗದ ಫೋಟೋ,
ನಡುವ ಕೆಂಪಕ್ಷರದಾಗ
ಸದಸ್ಯರು, ನಗರಸಭೆ, ಶಹಾಬಾದ.

"ನಾಕ್ನೂರು ಹಾಳಿ ಉಳದಾವ. ಒಗೀಲೇನು?"

ನಾ ನೀಲಿ ಪೆನ್ನು ತಗದು
'ಸದಸ್ಯರು' ಅನ್ನೂದರ ಮುಂದ ಇದ್ದಷ್ಟು ಜಾಗದಾಗ
ಎರಡಕ್ಷರ ಬರದೆ.
ಓದಲಿಕ್ಕೆ ಬರದವ, ಏನದು ಅಂದ.
ಮಾಜಿ, ಅಂದೆ.
"ಭಾಳ ಸಣ್ಣದು ಬರದಿ. ಛಲೋ ಆತು."

ಪರಸಿ ಖಣಿಯಾಗ ಹದಿನಾರು ವರ್ಷ
ಕಲ್ಲು ಸೀಳಿದ ಕೈ ಅದು.
ದಸ್ತಖತ್ ಮಾಡೂಕಿಂತ ಮೊದಲು
ಹಾಳಿ ಮ್ಯಾಲ ಬೆರಳಾಡಿಸಿ ಎಳಿ ಹುಡುಕತದ.
"ಕಲ್ಲಿಗೊಂದು ಎಳಿ ಇರ್ತದ, ಸಾಹೇಬರಿಗೂ ಇರ್ತದ.
ಅಲ್ಲೇ ಬಡದ್ರ ಸಪ್ಪಳಿಲ್ಲದ ಬಿಚ್ಚತಾರ."

ಮುಂಜಾನಿ ಮುಂಬೈ ಗಾಡಿ ಕೂಗೂದರಾಗ
ಅವನ ಅಂಗಳದಾಗ ಚಪ್ಪಲಿ ತುಂಬಿರ್ತಾವ, ಈಗೂ.
ಗಂಡ ಸತ್ತ ಚಂದಮ್ಮನ ಪಿಂಚಣಿ,
ಸುಟ್ಟ ಟ್ರಾನ್ಸ್‌ಫಾರ್ಮರು,
ಮಹಿಮೂದಸಾಬನ ಗೋಡಿಗೂ ಲಾಲಪ್ಪನ ಗೋಡಿಗೂ
ನಡುವ ಒಂದು ಗೇಣಿನ ತಕರಾರು.
ಆ ಗೇಣಿನಾಗ ತಾನೇ ಹೋಗಿ ಅಡ್ಡ ನಿಂತು,
"ನನ್ನ ಹೊಟ್ಟಿ ಹಿಡಸಲಿಲ್ಲಂದ್ರ ಜಗಳ ಯಾತರದು?" ಅಂತಾನ.
ಇಬ್ಬರೂ ನಗ್ತಾರ. ಕೆಲಸ ಅರ್ಧ ಆಗಿರ್ತದ.

ಸುಳ್ಳು ಯಾಕ ಹೇಳಲಿ.
ಚರಂಡಿ ಟೆಂಡರಿನಾಗ ಕಂತ್ರಾಟದಾರ ಕೊಟ್ಟ
ಇಪ್ಪತ್ತು ಸಾವಿರ ಎಣಿಸಿದವ ನಾನೇ.
ಹೆಂಡತಿ ಪಿತ್ತಕೋಶದ ಆಪರೇಷನ್ನಿಗೆ ಹನ್ನೆರಡು.
ಉಳಿದದ್ದು ನಾ ಕೇಳಲಿಲ್ಲ, ಅವ ಹೇಳಲಿಲ್ಲ.
ಮೊದಲ ಮಳಿಗೇ ಚರಂಡಿ ಬಾಯಿ ಬಿಟ್ಟು
ಆರು ಮನಿಯಾಗ ನೀರು ಹೊಕ್ಕಿತು,
ಹಿಟ್ಟಿನ ಡಬ್ಬಿ ತೇಲಿದವು.

ಸೋತದ್ದು ಹತ್ತೊಂಬತ್ತು ಓಟಿಲೆ.
ಬೆರಳ ಗೆಣ್ಣಿನ ಮ್ಯಾಲ ಲೆಕ್ಕಾ ಹಾಕಿದ,
"ಆರು ಮನಿ, ಮನಿಗಿ ಮೂರು, ಹದಿನೆಂಟು ಆತು.
ಇನ್ನೊಂದು ಯಾರದೋ ತಿಳೀವಲ್ದು ನೋಡು."
ನಾ ರಿಬ್ಬನ್ ಬದಲಿ ಮಾಡಲಿಕ್ಕೆ ಬಾಗಿದೆ.
ನನ್ನ ಬೆರಳು ಯಾವಾಗಲೂ ಶಾಯಿಯಾಗೇ ಇರ್ತಾವ.
ಯಾವುದು ಎಲ್ಲಿಂದು ಅಂತ
ಯಾರಿಗೆ ಗೊತ್ತಾಗಬೇಕು?

ಮೂರು ವರ್ಷ ಆತು. ಹಾಳಿ ಏಳು ಉಳದಾವ.
ನಿನ್ನಿ ಬಂದು ಒಂದು ಮುಂದಿಟ್ಟ.
"ಚರಂಡಿದು ಅರ್ಜಿ ಬರಿ. ತನಿಖಾ ಆಗಬೇಕು."
ಯಾವ ಚರಂಡಿ?
"ಅದೇ."
ಯಾರ ಮ್ಯಾಲ ಬರೀಲಿ?
ಬೇವಿನ ಕಾಯಿ ಒಂದು ಮಷೀನಿನ ಮ್ಯಾಲ ಬಿತ್ತು.
ಅದನ್ನ ತಗದು, ಅಂಗಿಗೆ ಒರಸಿ, ಕೈಯಾಗ ಹಿಡಕೊಂಡು ಕುಂತ.
"ಕಂತ್ರಾಟದಾರ. ಆಮ್ಯಾಲ, ಆಗಿನ ಸದಸ್ಯರು ಅಂತ ಬರಿ.
ಹೆಸರೂ ಹಾಕು. ಸಣ್ಣದು ಬ್ಯಾಡ."

ಟೈಪು ಮಾಡಿ ಓದಿ ಹೇಳಿದೆ.
ಒಂದು ಕಡಿ ಕಾಗುಣಿತ ತಪ್ಪಿತ್ತು, ತಿದ್ದಿದೆ.
ದಸ್ತಖತ್ ಮಾಡುವಾಗ
ಎಳಿ ಹುಡುಕಲಿಲ್ಲ ಅವ.