ಆರರ ಮಗ್ಗಿ

ಸೆರೋ ಗುಡ್ಡದ ಕೊನೆಯ ಸ್ಟಾಪಿನಲ್ಲಿ
ಬಸ್ಸಿಗೆ ಹನ್ನೆರಡು ನಿಮಿಷ ಬಿಡುವು.
ಎಂಜಿನ್ ಆರಿಸಿ, ಸ್ಟೀರಿಂಗಿಗೆ ಮೊಣಕೈ ಊರಿ
ಕೊಕ್ಕೆಕಡ್ಡಿ ಹೊರತೆಗೆಯುತ್ತೇನೆ.
ಜುಲೈ ತಿಂಗಳ ಚಳಿ. ಕೊಲ್ಲಿಯಾಚೆ ಮೊಂತೆವಿದೇಯೊ
ಒಂದೊಂದೇ ದೀಪ ಹಚ್ಚಿಕೊಳ್ಳುತ್ತಿದೆ.

ಕಂಡಕ್ಟರುಗಳ ಕೆಲಸ ಹೋಗುವ ಮೊದಲು
ನನಗಿದನ್ನು ಕಲಿಸಿ ಹೋದವಳು ಜುಲ್ಮಾ.
ಮೊದಲು ಒಂದು ಜಾರುಗುಣಿಕೆ, ಅದರೊಳಗೆ ಆರು ಹೊಲಿಗೆ.
ಆಮೇಲೆ ಆರೆರಡ್ಲ ಹನ್ನೆರಡು,
ಆರ್ಮೂರ್ಲ ಹದಿನೆಂಟು.
'ಮಗ್ಗಿ ಬಂದರೆ ಸಾಕು ವಿಲ್ಮಾರ್,
ತಲೆ ತಾನೇ ದುಂಡಗಾಗುತ್ತೆ.'
ಶಾಲೆಯಲ್ಲಿ ಕಿವಿ ಹಿಂಡಿದರೂ ಬಾರದ ಮಗ್ಗಿ
ಐವತ್ತಮೂರಕ್ಕೆ ಬೆರಳಿಗೆ ಬಂತು.

ಯಾರಿಗೆ ಇದು, ಅನ್ನುತ್ತಾರೆ ಹತ್ತುವವರು
ಅಂಗೈಯಲ್ಲಿ ಚಿಲ್ಲರೆ ಎಣಿಸುತ್ತ. ಮೊಮ್ಮಗುವಿಗಾ?
ನನಗೆ, ಅನ್ನುತ್ತೇನೆ.
ಅವರ ಎಣಿಕೆ ತಪ್ಪಿಹೋಗುತ್ತದೆ.

ಇವನು ಎವಾರಿಸ್ತೊ. ಹಡಗಿನ ಅಡುಗೆಯವ.
ಒಂಬತ್ತು ಸಂಪುಟ, ಅಗ್ಗದ ಕಾಗದ,
ಭಾನುವಾರದ ಸಂತೆಯಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕಿದ್ದು;
ನಾಲ್ಕನೆಯದಕ್ಕೆ ರಟ್ಟೇ ಇಲ್ಲ.
ಬಿರುಗಾಳಿಗೆ ಎಲ್ಲರೂ ದೇವರನ್ನು ಕೂಗುವಾಗ
ಇವನು ಈರುಳ್ಳಿ ಹೆಚ್ಚುತ್ತಾನೆ.
ಅಷ್ಟೇ. ಕತ್ತಿ ಝಳಪಿಸಿದವನಲ್ಲ, ನಿಧಿ ಕಂಡವನಲ್ಲ.
ಮಗಳು ಆಸ್ಪತ್ರೆಯಲ್ಲಿದ್ದ ಹದಿನೇಳು ರಾತ್ರಿ
ಹೊರಗಿನ ಬೆಂಚಿನಲ್ಲಿ ಕೂತು ನಾನು ಕೇಳಿದ್ದು
ಆ ಚಾಕು ಮಣೆಗೆ ತಾಗುವ ಸದ್ದು.
(ಮಗಳು ಉಳಿದಳು. ಈಗ ಸಾಲ್ತೊದಲ್ಲಿ
ನಲ್ಲಿ ರಿಪೇರಿ ಮಾಡುತ್ತಾಳೆ,
ನನಗಿಂತ ಹೆಚ್ಚು ಗಳಿಸುತ್ತಾಳೆ.)

ಕೋಟು ಬದನೆಕಾಯಿ ಬಣ್ಣದ್ದು, ಎರಡನೆಯ ಸಂಪುಟದ ಪ್ರಕಾರ.
ಟೊಪ್ಪಿಗೆ ಬಣ್ಣ ಕಾಣದ ಉಣ್ಣೆ, ಇನ್ನೂ ಕುರಿಯ ವಾಸನೆಯದು.
ಹೊಟ್ಟೆಗೆ ನನ್ನ ಹಳೆಯ ಯೂನಿಫಾರ್ಮಿನ ಚಿಂದಿ.
ಬಲಗಾಲು ಎರಡು ಸುತ್ತು ಉದ್ದವಾಗಿಬಿಟ್ಟಿತು,
ನಡುವೆ ಇನ್ಸ್‌ಪೆಕ್ಟರ್ ಬಂದು ಕಿಟಕಿ ತಟ್ಟಿದ್ದಕ್ಕೆ.
ಬಿಚ್ಚೋಣವೆಂದು ಎಳೆ ಹಿಡಿದಾಗ ನೆನಪಾಯಿತು:
ಐದನೆಯ ಸಂಪುಟದಿಂದ ಅವನು ಕುಂಟುತ್ತಾನೆ.
ತಪ್ಪಿಗೇ ಗಂಟು ಹಾಕಿದೆ.

ತೊಡಕಾದದ್ದು ಕಣ್ಣಿಗೆ.
ಒಂಬತ್ತನ್ನೂ ಮತ್ತೆ ತಿರುವಿದೆ.
ಗಡ್ಡಕ್ಕೆ ಮೆತ್ತಿದ ಹಿಟ್ಟು ಇದೆ,
ಅಂಗೈಯ ಬೆಳ್ಳುಳ್ಳಿ ಘಾಟು ಇದೆ,
ಹರಿದ ಎಡಗಿವಿಗೆ ಹನ್ನೊಂದು ಪುಟ.
ಕಣ್ಣಿನ ಬಣ್ಣ ಎಲ್ಲೂ ಇಲ್ಲ.
ಮೂವತ್ತು ವರ್ಷ ನನ್ನನ್ನು ನೋಡಿದ ಕಣ್ಣನ್ನು
ನಾನು ನೋಡಿಯೇ ಇರಲಿಲ್ಲ.

ಕಪ್ಪು, ಅಂದಳು ಜುಲ್ಮಾ ಫೋನಿನಲ್ಲಿ, ಇನ್ನೇನು ಮತ್ತೆ.
ಬಂದರಿನ ಗೇಟಿನಲ್ಲಿ ಹತ್ತುವ ಮುದುಕ
ಹಸಿರು ಅಂತ ತಾಯಾಣೆ ಇಟ್ಟ.
ಸೀಟಿನಡಿ ಸಿಕ್ಕ ಗುಂಡಿಗಳ ಡಬ್ಬಿ ಸುರುವಿ
ಜೋಡಿ ಜೋಡಿ ಇಟ್ಟು ನೋಡಿದೆ.
ಕಂದು ಇಟ್ಟರೆ ಯಾವನೋ ಗುಮಾಸ್ತ.
ನೀಲಿಗೆ ಪೋಸ್ಟರಿನ ಹೀರೋ.
ಕಪ್ಪು ಇಟ್ಟೆ, ನನ್ನ ಮಾವ ಎದ್ದು ಬಂದ;
ಸತ್ತು ಆರು ವರ್ಷವಾಗಿತ್ತು, ಇನ್ನೂ ಸಾಲ ಕೇಳುವ ಮುಖ.

'ನಿನ್ನದೇ ಕಣ್ಣು ಕೊಡು' ಅಂದಳು ನೆಲ್ಬಾ, ಅಡುಗೆಮನೆಯಿಂದ.
ನನ್ನದು ಬೇಡ.
ದಿನವಿಡೀ ಕನ್ನಡಿಯಲ್ಲಿ ಹಿಂದಿನ ಬಾಗಿಲು ಕಾಯುವ ಕಣ್ಣು
ಅವನಿಗ್ಯಾಕೆ.
ಹೇಳಲೆಂದು ಒಳಗೆ ಹೋದೆ.
ಮಣೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಚಾಕು,
ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ,
ಕೆನ್ನೆ ಒದ್ದೆ, ಬಾಯಲ್ಲಿ ಬೈಗುಳ:
ಎಂಥ ಖಾರದ ಈರುಳ್ಳಿ ತಂದಿದ್ದೀಯ!

ಎರಡು ಓರೆ ಹೊಲಿಗೆ ಹಾಕಿದೆ. ಸಾಕಾಯಿತು.

ಈಗ ಟಿಕೆಟ್ ಯಂತ್ರದ ಪಕ್ಕ ಕೂತಿದ್ದಾನೆ,
ಹರಿದ ಕಿವಿಯೊಂದು ಬಾಕಿ.
ಹರಿದದ್ದನ್ನು ಹೆಣೆಯುವುದು ಹೇಗೆಂದು
ಜುಲ್ಮಾ ಕಲಿಸಿರಲಿಲ್ಲ.
ಬಿಡುವು ಮುಗಿಯಿತು. ಬಾಗಿಲು ಮುಚ್ಚಿ
ಇಳಿಜಾರಿಗೆ ತಿರುಗಿಸಿದೆ.
ಉಣ್ಣೆಯುಂಡೆ ಮಡಿಲಿಂದ ಜಿಗಿದು
ಸೀಟುಗಳ ಕೆಳಗೆ ಎಲ್ಲಿಗೋ ಉರುಳಿತು.
ಹಿಂದಿನಿಂದ ಯಾರೋ ಕೂಗಿದರು:
ಡ್ರೈವರ್, ನಿಮ್ಮ ಎಳೆ
ಇನ್ನೂ ಬರ್ತಾನೇ ಇದೆ.