ನೀರು ಬಿಡುವವನ ಹೇಳಿಕೆ

ಊರು ಎಷ್ಟು ದೊಡ್ಡದು ಅಂತ ಕೇಳಿದಿರಿ.
ನಕ್ಷೆ ಓದಲು ನನಗೆ ಬಾರದು ಸಾಹೇಬ್ರೇ. ನನ್ನಲ್ಲಿರುವುದು
ಹದಿನೇಳು ವಾಲ್ವು, ಒಂದು ಕಬ್ಬಿಣದ ಕೀಲಿ,
ನಸುಕು ನಾಲ್ಕಕ್ಕೆ ಎಚ್ಚರಾಗುವ ಚಟ.

ಪದವಿನ ತುದಿಯಲ್ಲಿ ಟ್ಯಾಂಕಿ.
ಸುತ್ತ ಮುರಕಲ್ಲು ಕಡಿದೂ ಕಡಿದೂ
ಗುಡ್ಡದ ಬೆನ್ನಿಗೆ ಚೌಕ ಚೌಕ ಗಾಯ.
ಅಲ್ಲಿಂದ ಕೊಡಂಗೆಬೆಟ್ಟು ಇಳಿಯಲು ಶುರು:
ಗೇರುಹಾಡಿ, ಬೆಟ್ಟುಗದ್ದೆ, ಬೈಲು, ತೋಡು,
ಆಮೇಲೆ ಹೊಳೆ,
ಆಮೇಲೆ ಹೊಳೆಯೋ ಕಡಲೋ ತಿಳಿಯದ ಬರೀ ಉಪ್ಪು.
ಇಳಿಜಾರು ಎಲ್ಲಿದೆಯೆಂದು ನೀರಿಗೆ ಗೊತ್ತು.
ಅದರ ಹಿಂದೆ ಇಪ್ಪತ್ತಾರು ವರ್ಷ ನಡೆದು
ನನಗೂ ಸ್ವಲ್ಪ.

ಒಂದನೇ ವಾಲ್ವು ಇಗರ್ಜಿಗುಡ್ಡೆ.
ಸೆವ್ರಿನ್ ಬಾಯಿ ನಳ್ಳಿಗೆ ಕಿವಿಕೊಟ್ಟು ಕೂತಿರುತ್ತಾಳೆ.
ಮೊದಲು ಬರುವುದು ಗಾಳಿ, ಮುದುಕರ ಕೆಮ್ಮಿನಂತೆ.
‘ಬಾ ಮಾರಾಯ, ಬಾ’ ಅನ್ನುತ್ತಾಳೆ,
ನನಗಲ್ಲ, ನಳ್ಳಿಗೆ.

ನಾಲ್ಕನೆಯದು ಹಂಚಿನ ಕಾರ್ಖಾನೆಯ ಬುಡದಲ್ಲಿ.
ಕಾರ್ಖಾನೆ ಇಲ್ಲ ಈಗ, ಹೊಗೆಗೂಡು ಉಂಟು,
ಅದರ ಬಾಯಲ್ಲಿ ಒಂದು ಗೋಳಿಗಿಡ.
ಇಲ್ಲಿಯ ಯಾವ ಹಂಚನ್ನೇ ಮಗುಚಿ, ಒಳಮೈಗೆ ಆನೆ.
ಗರಡಿಯ ಮಾಡಿಗೆ, ಮದ್ರಸಕ್ಕೆ,
ಹಾಲಿನ ಡಿಪೋಕ್ಕೆ, ಬಲ್ಲಾಳರ ಹಟ್ಟಿಗೆ
ಒಂದೇ ಆನೆ ನೆತ್ತಿಯ ಮೇಲೆ ನಿಂತಿದೆ.
ಸೋರುವುದೂ ಒಂದೇ ಲೆಕ್ಕ.

ಒಂಬತ್ತರ ಹತ್ತಿರ ಪೈಪಿಗೆ ಅಗೆಯುವಾಗ
ಕಮಲಕ್ಕನ ಬಟ್ಟೆಕಲ್ಲು ಅಡ್ಡ ಬಂತು.
ಮಗುಚಿದರೆ ಅಕ್ಷರ.
ಉಡುಪಿಯಿಂದ ಮೇಷ್ಟ್ರೊಬ್ಬರು ಬಂದು ಹಿಟ್ಟು ಸವರಿ ಓದಿದರು:
ಯಾರೋ ಒಬ್ಬಳು ದಾರಿಹೋಕರಿಗೆ ನೀರು ಕೊಡಲು
ಎರಡು ಮುಡಿ ಗದ್ದೆ ಬಿಟ್ಟಿದ್ದಾಳಂತೆ.
ಹೆಸರಿನ ಜಾಗ ಒಡೆದುಹೋಗಿದೆ.
ಇದನ್ನು ಕೆಡಿಸಿದವನಿಗೆ ಏನೇನಾಗಲಿ ಎಂಬುದು ಮಾತ್ರ
ನಿನ್ನೆ ಕೆತ್ತಿದ ಹಾಗೆ.
ಅಂದಿನಿಂದ ಒಂಬತ್ತನ್ನು ನಾನು
ಐದು ನಿಮಿಷ ತಡವಾಗಿ ಮುಚ್ಚುತ್ತೇನೆ.
ಇದನ್ನು ಬರೆದುಕೊಳ್ಳಬೇಡಿ.

ಒಗ್ಗಟ್ಟಿನ ಊರಾ ಅಂತ ಕೇಳಬೇಡಿ.
ಪಂಪು ಸುಟ್ಟ ವರ್ಷ, ಹನ್ನೊಂದು ದಿನ,
ಬೈಲಿನಲ್ಲಿ ಸಿಹಿ ಉಳಿದದ್ದು ಪೊಡಿಯಬ್ಬರ ಬಾವಿ ಒಂದೇ.
ಅವರು ಕಂಪೌಂಡಿನ ಗೇಟನ್ನೇ ಕಳಚಿ ಇಟ್ಟರು.
ರಾಟೆ ರಾತ್ರಿಯೂ ನಿಲ್ಲಲಿಲ್ಲ.
ವಾದಿರಾಜ ಉಪಾಧ್ಯರ ಹಗ್ಗ, ಡೊಲ್ಫಿಯ ಬಾಲ್ದಿ,
ತನಿಯನ ಮಗಳ ಕೊಡಪಾನ,
ಕೊನೆಗೆ ಯಾರ ಹಗ್ಗ ಯಾರದೆಂದು ಗೊತ್ತಾಗದೆ
ಬಾವಿಕಟ್ಟೆಯಲ್ಲೇ ಸುರುಳಿ ಬಿಟ್ಟರು.
ಗೇಟು ಮತ್ತೆ ಕೂತಿತು. ಚುನಾವಣೆ ಬಂತು.
ಪೊಡಿಯಬ್ಬರೂ ಉಪಾಧ್ಯರೂ ಈಗ ಮಾತಾಡುವುದಿಲ್ಲ.
ಹಗ್ಗ ಮಾತ್ರ ಇನ್ನೂ ಅಲ್ಲೇ ಉಂಟು,
ಯಾರೂ ಕೊಂಡುಹೋಗಿಲ್ಲ.

ಹದಿನೇಳನೆಯದು ಕುದ್ರು.
ಸಂಕದ ಮೇಲೆ ಪೈಪು ಗಾಳಿಗೆ ನಡುಗುತ್ತದೆ.
ಗಿರಿಜಾ ಸಾಲ್ಯಾನ್ ಮೀನಿನ ಬುಟ್ಟಿ ಹೊರುವ ಮೊದಲು
ಕೊಡ ಇಟ್ಟು ಹೋಗುತ್ತಾಳೆ.
ಏಪ್ರಿಲಿನಲ್ಲಿ ಅಲ್ಲಿ ಬರುವುದು ನೂಲಿನಷ್ಟು.
ಮೇಲಿನವರು ಯಾರೂ ಕದ್ದು ಮೋಟಾರು ಹಚ್ಚದಿದ್ದರೆ
ಕೊಡ ತುಂಬಲು ನಲವತ್ತು ನಿಮಿಷ.

ನೀವು ಇದನ್ನು ಪಟ್ಟಣ ಅಂತ ಬರೆಯುತ್ತೀರಂತೆ,
ಹಳ್ಳಿಗೆ ಇಷ್ಟು ತಲೆ ಜಾಸ್ತಿಯಾಯಿತಂತೆ.
ಬರೆಯಿರಿ. ಬೋರ್ಡು ಬದಲಾದರೆ ಒಳ್ಳೆಯದೇ,
ಹಳೆಯದಕ್ಕೆ ತುಕ್ಕು ಹಿಡಿದಿದೆ.
ಆದರೆ ಅಳೆಯುವುದಾದರೆ ನಾಳೆ ನಸುಕಿಗೆ ಬನ್ನಿ.
ನಾನು ಮೇಲೆ ಒಂದನ್ನು ತಿರುಗಿಸುತ್ತೇನೆ.
ನೀವು ಕುದ್ರುವಿನಲ್ಲಿ ಆ ಕೊಡದ ಪಕ್ಕ ನಿಂತಿರಿ,
ಒಳಗೆ ಮೊದಲ ಹನಿ ಬಿದ್ದ ಸದ್ದು ಕೇಳುವ ತನಕ.

ಈಗ ಆ ಕೀಲಿ ಕೊಡಿ ಸಾಹೇಬ್ರೇ,
ನಿಮ್ಮ ಕಾಗದ ಹಾರದ ಹಾಗೆ ಇಟ್ಟಿದ್ದೀರಲ್ಲ, ಅದೇ.
ಆರನೇ ವಾಲ್ವಿನವರು
ಅರ್ಧ ಗಂಟೆಯಿಂದ ನನ್ನನ್ನು ಬೈಯುತ್ತಿರಬಹುದು.