‘ಆಗುತ್ತೆ’ ಎಂದವನ ಅರ್ಜಿ

ಡುಲೂತಿನ ಚರ್ಚೊಂದರ ನೆಲಮಾಳಿಗೆ, ಫೆಬ್ರವರಿ.
ಹೊರಗೆ ಕಡಲಿನಷ್ಟು ದೊಡ್ಡ ಸರೋವರ
ಅಂಚಿನುದ್ದಕ್ಕೂ ಹೆಪ್ಪುಗಟ್ಟಿದೆ.
ಒಳಗೆ ಕೆಲಸಕ್ಕೆ ಹೊಸಬರು, ಹನ್ನೊಂದು ಜನ,
ಮಡಚುವ ಕುರ್ಚಿ, ಆರಿದ ಕಾಫಿ.
ವೆರ್ನಾ ಹೌಗನ್ ಬಂದವಳೇ ಮಾತಿಲ್ಲದೆ
ಮೇಜಿನ ಮೇಲೆ ಸುರಿದಳು
ಒಂದು ಚೀಲ ಉಣ್ಣೆ ಕೈಗವಸು, ಒಂದು ರಾಶಿ ಹಳೆ ಅಂಗಿ.

“ತೊಟ್ಟುಕೊಳ್ಳಿ. ಗುಂಡಿ ಹಾಕಿ. ಹಾಕುತ್ತಲೇ
ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಜೋರಾಗಿ.”

ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತ...
ನನ್ನ ಮೂರನೇ ಗುಂಡಿ ನಾಲ್ಕನೇ ಕಾಜಕ್ಕೆ ಹೋಯಿತು.
ನಗುತ್ತ ಶುರುಮಾಡಿದ ಪಾ ಕೂ ವಾಂಗ್
ಐವತ್ತೆಂಟರ ಹತ್ತಿರ ಸುಮ್ಮನಾದಳು.

“ಈಗ ಹೇಳಿ. ಅಂಗಿ ತೊಡಲು ನಿಮ್ಮ ಕೈಲಾಗುತ್ತದೆಯೇ?”
ಆಗುತ್ತೆ, ಎಂದೆವು ಎಲ್ಲರೂ. ಮಾನದ ಪ್ರಶ್ನೆ.
“ನೋಡಿ,” ಅಂದಳು, “ಅರ್ಜಿ ಬಿದ್ದುಹೋಗುವುದು ಇಲ್ಲೇ.”

ಆಗುತ್ತಾ ಎಂದು ಕೇಳಬೇಡಿ. ನಿನ್ನೆ ಏನಾಯಿತು, ಕೇಳಿ.
ಎಷ್ಟು ಹೊತ್ತು ಹಿಡಿಯಿತು, ಆಮೇಲೆ ಮೈಯಲ್ಲಿ ಏನು ಉಳಿಯಿತು.
ಪಾಪ ಎಂದು ಬರೆಯಬೇಡಿ, ಪಾಪಕ್ಕೆ ಕಾಲಂ ಇಲ್ಲ.
ಆಸ್ಪತ್ರೆ ಚೀಟಿಯಿಲ್ಲದ ವರ್ಷಗಳನ್ನು ಅವರು
ಆರೋಗ್ಯದ ವರ್ಷಗಳೆಂದು ಓದಿಕೊಳ್ಳುತ್ತಾರೆ;
ಆಗ ಎಲ್ಲಿ ಮಲಗುತ್ತಿದ್ದ, ಅದನ್ನು ಬರೆಯಿರಿ.

ತನ್ನ ತಮ್ಮನ ಅರ್ಜಿ ಮೂರು ಸಲ ಬಿದ್ದದ್ದು
ಅವಳು ಹೇಳಲಿಲ್ಲ. ಪಾ ಕೂ ಹೇಳಿದಳು, ಊಟದ ಹೊತ್ತಿಗೆ.

ನನ್ನ ಪಾಲಿಗೆ ಬಂದವನು ಆರ್ವಿಡ್ ಲಾಹ್ತಿ.
ಅದಿರಿನ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ,
ಕಳಚಿದ ಒಂದು ಸರಪಳಿ, ತಲೆಗೆ ಬಿದ್ದ ಪೆಟ್ಟು,
ನಾಲ್ಕು ಚಳಿಗಾಲ ಹಳೇ ಬ್ಯೂಕಿನ ಹಿಂದಿನ ಸೀಟು,
ಈಗ ಷೆಲ್ಟರಿನ ಹದಿನಾರನೇ ಮಂಚ.

ಅಡುಗೆ ಮಾಡ್ಕೋತೀರಾ?
ಮಾಡ್ಕೋತೀನಿ.
ಏನು?
ಸೂಪು.
ಕೊನೆಗೆ ಮಾಡಿದ್ದು ಯಾವಾಗ?
ಕಿಟಕಿ ನೋಡಿದ. ಬೆರಳು ಮಡಿಸಿ ಎಣಿಸಿದ, ಬಿಟ್ಟ.
“ಲೆಂಪಿ ಇದ್ದಾಗ.”
ಲೆಂಪಿ ತೀರಿಕೊಂಡು ಒಂಬತ್ತು ವರ್ಷ.
ಈಗ ಡಬ್ಬಿ ತೆರೆದುಕೊಡುವುದು ಹದಿನೇಳನೇ ಮಂಚದವನು.
ಹಾಗೆಂದೇ ಬರೆದೆ.

ಎಂಟು ಪುಟವಾಯಿತು, ಅವನಿಂದ ಆಗದ್ದೆಲ್ಲ.
ಸಹಿಗೆ ಮೊದಲು ಓದಿ ಹೇಳಬೇಕು, ವೆರ್ನಾಳ ಕಟ್ಟಪ್ಪಣೆ.
ಓದಿದೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಕೇಳಿದ,
ಸತ್ತವರ ಸುದ್ದಿ ಕೇಳುವ ಹಾಗೆ.
“ಯಾರಪ್ಪ ಇವನು, ಇಷ್ಟು ಕೈಲಾಗದವನು?
ಯಾರಾದರೂ ಅವನಿಗೆ ಸಹಾಯ ಮಾಡಬೇಕು.”
ತಮಾಷೆಯೋ ಅಲ್ಲವೋ, ತಿಳಿಯಲಿಲ್ಲ.

ಆಮೇಲೆ, ಒಂದು ಸಾಲು ಸೇರಿಸು ಎಂದ:
ಕಣ್ಣು ಮುಚ್ಚಿ ಬರೀ ಕೂಗು ಕೇಳಿಯೇ ಹೇಳಬಲ್ಲೆ,
ಯಾವ ಹಡಗು, ತುಂಬಿದೆಯೋ ಬರಿದೋ.

ಪೆನ್ನು ನಿಂತಿತು. ‘ಬಲ್ಲೆ’ ಎಂಬ ಎರಡಕ್ಷರ
ಎಂಟು ಪುಟ ಕೆಡವಬಲ್ಲದು.
ಫೋನಿನ ಆ ಕಡೆ ವೆರ್ನಾ ಬಹಳ ಹೊತ್ತು ಸುಮ್ಮನಿದ್ದಳು.
“ಕೂಗು ಕೇಳಿದ ಮೇಲೆ ಏನಾಗುತ್ತೆ, ಕೇಳಿದೆಯಾ?”

ಕೇಳಿರಲಿಲ್ಲ. ಕೇಳಿದೆ.
ಟೋಪಿಯನ್ನು ಅಂಚು ಹಿಡಿದು ಒಂದು ಸುತ್ತು ತಿರುಗಿಸಿದ.
“ಗೋಡೆ ಕಡೆ ತಿರುಗಿ ಮಲಗ್ತೀನಿ.
ಊಟದ ಗಂಟೆ ಹೊಡೆದರೂ ಏಳಲ್ಲ.
ಅದನ್ನು ಬರೀಬೇಡ.”

ಎರಡನ್ನೂ ಬರೆದೆ, ಒಂದರ ಬೆನ್ನಿಗೆ ಒಂದು.
ಮತ್ತೆ ಓದಿದೆ. ಮೊದಲ ಸಾಲಿಗೆ ತಲೆದೂಗಿದ;
ಎರಡನೆಯದಕ್ಕೆ ಪೆನ್ನು ಕೇಳಿದ.
ಹೊಡೆದುಹಾಕುತ್ತಾನೆ ಎಂದುಕೊಂಡೆ.
ಸಹಿ ಮಾಡಿದ, ಕಾಗದ ಹರಿಯುವಷ್ಟು ಒತ್ತಿ.

ಈಗ ಏಪ್ರಿಲ್ ಕೊನೆ. ಉತ್ತರ ಬಂದಿಲ್ಲ.
ಬೆಳಿಗ್ಗೆ ಕಚೇರಿಯ ಬೀಗ ತೆಗೆಯುತ್ತಿದ್ದಾಗ
ಕೆಳಗೆ ಕಾಲುವೆಯಲ್ಲಿ ಹಡಗೊಂದು ಕೂಗಿತು:
ಮೂರು ಉದ್ದ, ಎರಡು ಗಿಡ್ಡ.
ಸೇತುವೆ ಅದೇ ಲೆಕ್ಕದಲ್ಲಿ ಓಗೊಟ್ಟಿತು.
ಕೀಲಿಕೈ ಹಿಡಿದು ನಿಂತೆ.
ಯಾವ ಹಡಗು, ತುಂಬಿದ್ದೋ ಬರಿದೋ,
ಹೇಳಲು ನನ್ನ ಕೈಲಾಗಲಿಲ್ಲ.